ಊಟದ ಮೇಲೆ ಮೂರು ಚಮಚ ಶ್ರೀಗಂಧ

ಸೊರಬ ತಾಲ್ಲೂಕಿನ ಕುಬಟೂರಿಗೆ ಹೋಗುವವರು ಸಾಮಾನ್ಯವಾಗಿ ಕೈಟಭೇಶ್ವರನ ಗುಡಿ ನೋಡಲು ಹೋಗುತ್ತಾರೆ. ಸುಮಾರು 1100ರ ಹೊತ್ತಿನ ಆ ಕಲ್ಲಿನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾನು ಹೇಳಹೊರಟಿರುವುದು ಈ ಸೀಮೆಯ ಮರದ ಸಂಗತಿ, ಅದರಲ್ಲೂ ಮರವನ್ನು ಕುಡಿಯುವ ಸಂಗತಿ. ಸೊರಬ, ಸಾಗರ ಎಂದರೆ ಗುಡಿಗಾರರ ನಾಡು. ಶ್ರೀಗಂಧದ ಕೊರಡಿನಲ್ಲಿ ಗಣಪತಿಯನ್ನೂ ಬಳ್ಳಿಯನ್ನೂ ಬಿಡಿಸುವವರ ಊರುಗಳು. ಒಳ್ಳೆಯ ತುಂಡು ಅವರ ಉಳಿಗೆ, ಚೂರುಪಾರು ಊದಬತ್ತಿಗೆ, ಮಿಕ್ಕಿದ್ದು ಎಣ್ಣೆಯ ಕಾರ್ಖಾನೆಗೆ. ಮೈಸೂರಿನ ಹಾಗೆ ಶಿವಮೊಗ್ಗಕ್ಕೂ 1944ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಬಂತು. ಇವೆಲ್ಲ ಎಲ್ಲರಿಗೂ ಗೊತ್ತಿರುವ ದಾರಿಗಳು. ಇನ್ನೊಂದಿದೆ, ಅದು ವೈದ್ಯರ ಭರಣಿಗೆ ಹೋಗುವ ದಾರಿ. ಅಲ್ಲಿ ಗಂಧ ಚಂದನಾಸವವಾಗುತ್ತದೆ.

ಆಸವ, ಅರಿಷ್ಟ ಎಂಬ ಹೆಸರುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಮಾಡುವವರಿಗೆ ಅವು ಬೇರೆ ಬೇರೆ. ಶಾರ್ಙ್ಗಧರ ಸಂಹಿತೆಯ ಪ್ರಕಾರ ಮೂಲಿಕೆಯನ್ನು ಕುದಿಸದೆ ನೀರಿಗೆ ಹಾಕಿ ಹುದುಗಿಸಿದರೆ ಆಸವ, ಕಷಾಯ ಮಾಡಿಕೊಂಡು ಹುದುಗಿಸಿದರೆ ಅರಿಷ್ಟ. ಕಾಚಿನ ಮರದ ಚೇಗು ಕಬ್ಬಿಣದಷ್ಟು ಗಟ್ಟಿ. ಹಾಗಾಗಿ ಖದಿರಾರಿಷ್ಟಕ್ಕೆ ಅದನ್ನೂ ಅಷ್ಟೇ ತೂಕದ ದೇವದಾರುವನ್ನೂ ದಾರುಹರಿದ್ರ, ತ್ರಿಫಲೆಗಳ ಜೊತೆ ನೀರಿಗೆ ಹಾಕಿ, ಎಂಟು ಪಾಲು ಒಂದು ಪಾಲಿಗೆ ಇಳಿಯುವ ತನಕ ಕುದಿಸಬೇಕು. ಗಂಧವನ್ನು ಹಾಗೆ ಕುದಿಸಿದರೆ ಪರಿಮಳವೆಲ್ಲ ಅಟ್ಟ ಹತ್ತಿ ಮಾಡಿಗೆ ಹೋಗುತ್ತದೆ. ಅದಕ್ಕೇ ಚಂದನಾಸವಕ್ಕೆ ಬೆಂಕಿಯ ಕೆಲಸವಿಲ್ಲ. ಶ್ರೀಗಂಧ, ರಕ್ತಚಂದನ, ಲೋಧ್ರ, ಆಲದ ಮತ್ತು ಮಾವಿನ ತೊಗಟೆ, ಮಂಜಿಷ್ಠ, ಹಿಪ್ಪಲಿ ಮುಂತಾದವನ್ನು ತರಿಯಾಗಿ ಕುಟ್ಟಿ, ದ್ರಾಕ್ಷಿ, ಸಕ್ಕರೆ, ಬೆಲ್ಲದ ಜೊತೆ ತಣ್ಣೀರಿಗೆ ಬಿಡುತ್ತಾರೆ.

ಆಮೇಲೆ ಧಾತಕಿ ಹೂವು. ಬೇಸಿಗೆಯ ಹೊತ್ತಿಗೆ ಕುರುಚಲು ಕಾಡಿನಲ್ಲಿ ಕೆಂಪಗೆ ಅರಳುವ ಈ ಹೂವಿನ ಮಕರಂದದಲ್ಲಿ ಹುದುಗಿನ ಜೀವಿಗಳು ತಾವಾಗಿಯೇ ಇರುತ್ತವೆ. ಅದರ ಒಗರು ಬೇಡದ ಹುಳಿಯನ್ನು ತಡೆಯುತ್ತದೆ. ಭರಣಿಯ ಒಳಗೋಡೆಗೆ ತುಪ್ಪ ಸವರಿ, ಹೊಗೆ ಕೊಟ್ಟು, ತುಂಬಿಸಿ, ಬಾಯಿಗೆ ಜೇಡಿಮಣ್ಣು ಮೆತ್ತಿದ ಬಟ್ಟೆ ಬಿಗಿದು, ಒಂದು ತಿಂಗಳು ಬತ್ತದ ರಾಶಿಯಲ್ಲೋ ನೆಲದಲ್ಲೋ ಹುಗಿಯುವುದು ಹಳೆಯ ಕ್ರಮ. ಶಾಖ ಏರಿಳಿಯಬಾರದು ಅನ್ನುವುದೇ ಕಾರಣ. ಬಲಿತಿದೆಯೇ ಇಲ್ಲವೇ ಎಂದು ತಿಳಿಯಲು ಭರಣಿಗೆ ಕಿವಿ ಕೊಡುತ್ತಾರೆ. ಒಳಗೆ ಗುಳುಗುಳು ಕೇಳುತ್ತಿದ್ದರೆ ಇನ್ನೂ ಕಾಯಬೇಕು. ಬೆಂಕಿಕಡ್ಡಿ ಗೀರಿ ಬಾಯಿಗೆ ಹಿಡಿದಾಗ ಜ್ವಾಲೆ ಆರದೆ ಉರಿದರೆ ಅನಿಲ ಏಳುವುದು ನಿಂತಿದೆ, ಸೋಸಬಹುದು ಎಂದರ್ಥ.

ಇಷ್ಟೆಲ್ಲ ಪಾಡು ಏಕೆ, ಗಂಧ ತೇಯ್ದು ನೀರಿಗೆ ಕದಡಿದರೆ ಸಾಲದೇ? ಸಾಲದು. ಗಂಧದ ಜೀವ ಸ್ಯಾಂಟಲಾಲ್ ಎಂಬ ಎಣ್ಣೆಯಂಶದಲ್ಲಿದೆ. ಅದು ನೀರಿಗೆ ಒಲಿಯುವುದಿಲ್ಲ, ಮದ್ಯಸಾರಕ್ಕೆ ಒಲಿಯುತ್ತದೆ. ರಕ್ತಚಂದನದ ಕೆಂಪೂ ಹಾಗೆಯೇ, ನೀರಿನಲ್ಲಿ ಬಣ್ಣ ಬಿಡಲು ಜಿಪುಣತನ ಮಾಡುತ್ತದೆ. ಭರಣಿಯೊಳಗೆ ಬೆಲ್ಲ ಕರಗಿ ನಿಧಾನವಾಗಿ ಹುಟ್ಟುವ ಮದ್ಯಸಾರ ಮರದೊಳಗಿನದನ್ನು ದಿನದಿನವೂ ಅಷ್ಟಷ್ಟು ಎಳೆದುಕೊಳ್ಳುತ್ತದೆ. ಹೊರಗಿನಿಂದ ಸಾರಾಯಿ ತಂದು ಸುರಿಯುವುದಕ್ಕಿಂತ ಇದು ಎಷ್ಟೋ ಜಾಣ ಉಪಾಯ ಅಂತ ನನ್ನ ಅಭಿಪ್ರಾಯ.

ನೀರಿಗೇ ಒಲಿಯುವ ಮರಗಳೂ ಇವೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟರೆ ಬೆಳಗ್ಗೆ ಕಂದು ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದಾಗ ನೀಲಿ ಛಾಯೆ ಹೊಡೆಯುತ್ತದೆ. ಸಕ್ಕರೆ ಕಾಯಿಲೆಯವರು ಅದನ್ನು ಕುಡಿಯುವ ರೂಢಿ ಇದೆ. ಘಟ್ಟ ಇಳಿದರೆ ಆಟಿ ಅಮಾವಾಸ್ಯೆಯ ಬೆಳಗ್ಗೆ, ಸೂರ್ಯ ಮೂಡುವ ಮೊದಲು, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆ ಮರದ ತೊಗಟೆಯ ಕಷಾಯ. ಅದರ ಕಹಿ ಕುಡಿದವರಿಗೇ ಗೊತ್ತು. ಮೇಲಿಂದ ಮೆಂತೆ ಗಂಜಿ ಉಣ್ಣದಿದ್ದರೆ ಆ ದಿನ ಸಾಗುವುದಿಲ್ಲ.

ಜಪಾನಿನವರು ಮರದ ಪಾನವನ್ನು ಇನ್ನೂ ಮುಂದೆ ಒಯ್ದಿದ್ದಾರೆ. ಸುಗಿ ಎಂಬ ಮರದ ಪೀಪಾಯಿಯಲ್ಲಿಟ್ಟ ಸಾಕೆ ಅಲ್ಲಿನ ಹಬ್ಬದ ಪಾನೀಯ. ಕುರೊಮೊಜಿ ಎಂಬ ಕಾಡುಗಿಡದ ಕಡ್ಡಿಯನ್ನು ಸಿಹಿತಿಂಡಿ ಚುಚ್ಚಿ ತಿನ್ನಲು ಬಳಸುತ್ತಾರೆ; ಅದೇ ಗಿಡ ಮದ್ಯದಲ್ಲಿ ನೆನೆದು ಕಾಕ್‌ಟೇಲಿನ ಲೋಟಕ್ಕೂ ಬಂದಿದೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಯೊಮೇಶು. ಇಂದಿನ ನಾಗಾನೊ ಪ್ರಾಂತ್ಯದ ಶಿಯೊಜಾವಾ ಮನೆತನ 1602ರಿಂದ ಮಾಡಿಕೊಂಡು ಬಂದ ಔಷಧಿ ಮದ್ಯ ಅದು. ಕುರೊಮೊಜಿ, ದಾಲ್ಚಿನ್ನಿ ಸೇರಿ 14 ಮೂಲಿಕೆ, ನೂರಕ್ಕೆ 14ರಷ್ಟು ಮದ್ಯಸಾರ, ಒಂದು ಸಲಕ್ಕೆ 20 ಮಿಲಿ. ನಮ್ಮ ಅರಿಷ್ಟದ ಪ್ರಮಾಣ 12ರಿಂದ 24 ಮಿಲಿ. ಅವರದು ಊಟಕ್ಕೆ ಮುಂಚೆ, ನಮ್ಮದು ಊಟವಾದ ಮೇಲೆ, ಸಮಪಾಲು ನೀರು ಬೆರೆಸಿ. ಆದರೆ ಆ ಕಂಪನಿ ಔಷಧಿ ಸೀಸೆಗೇ ನಿಲ್ಲಲಿಲ್ಲ, ಅದೇ ಕುರೊಮೊಜಿಯಿಂದ ಜಿನ್ ತೆಗೆದು ಬಾರಿಗೂ ಕಳಿಸಿತು.

ನಮ್ಮಲ್ಲಿ ಆ ಹೊಸಿಲು ದಾಟುವುದು ಸುಲಭವಲ್ಲ. ಆಸವಾರಿಷ್ಟಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು ಮದ್ಯಸಾರ ಇರುತ್ತದೆ, ಎಷ್ಟೋ ಬಿಯರಿಗಿಂತ ಗಟ್ಟಿ. ಹಾಗಿದ್ದೂ ಅದು ತಾನಾಗಿ ಹುಟ್ಟಿದ್ದು ಎಂಬ ಕಾರಣಕ್ಕೆ ಅಬಕಾರಿ ಕಾನೂನು ಅದನ್ನು ಔಷಧಿಯೆಂದೇ ನೋಡುತ್ತದೆ. ಹೆಂಡದ ಹೆಸರೆತ್ತಿದರೆ ಸಿಡಿಮಿಡಿಗೊಳ್ಳುವ ಮನೆಗಳಲ್ಲೂ ಅರಿಷ್ಟದ ಸೀಸೆ ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ಮರ್ಯಾದೆಯಿಂದ ಕೂತಿರುತ್ತದೆ. ಮೂರು ಚಮಚ ಐದಾಗುವುದನ್ನು ಕಂಡೂ ಕಾಣದ ಹಾಗೆ ಇರುವ ಸೊಸೆಯಂದಿರೂ ಇದ್ದಾರೆ! ಆದರೂ ಇದನ್ನು ಲೋಟಕ್ಕೆ ಸುರಿದು ಕುಡಿಯುವಂತಿಲ್ಲ. ಚಂದನಾಸವವನ್ನು ಕೊಡುವುದು ಉರಿಮೂತ್ರಕ್ಕೆ, ಖದಿರಾರಿಷ್ಟವನ್ನು ಚರ್ಮದ ಕಾಯಿಲೆಗೆ, ಅದೂ ವೈದ್ಯರು ಹೇಳಿದಷ್ಟೇ.

ಗಂಧದ ಮರ ಸಿಗುವುದು ಇನ್ನೊಂದು ಪ್ರಶ್ನೆ. 1792ರಲ್ಲಿ ಟಿಪ್ಪು ಅದನ್ನು ರಾಜಮರವೆಂದು ಸಾರಿದ ಮೇಲೆ, ಹಿತ್ತಲಲ್ಲಿ ತಾನಾಗಿ ಎದ್ದ ಗಿಡ ಕೂಡ ಮನೆಯವರದಾಗಿ ಉಳಿಯಲಿಲ್ಲ. ಬೆಳೆದವನೇ ಒಡೆಯ ಎಂದು ಕರ್ನಾಟಕದ ಕಾನೂನು ಒಪ್ಪಿಕೊಂಡದ್ದು 2001ರಲ್ಲಿ. ಅಲ್ಲಿಂದೀಚೆಗೆ ರೈತರು ತೋಟದಲ್ಲಿ ಗಂಧ ನೆಡುತ್ತಿದ್ದಾರೆ. ಆದರೆ ಎಳೆಯ ಮರದ ಬಿಳಿ ಭಾಗಕ್ಕೆ ಪರಿಮಳವಿಲ್ಲ, ಚೇಗು ಕಟ್ಟಲು ವರ್ಷಗಟ್ಟಲೆ ಬೇಕು. ಅಷ್ಟರಲ್ಲಿ ಕಳ್ಳರ ಕಣ್ಣು ಬೀಳದಿದ್ದರೆ ಪುಣ್ಯ.

ಅಂಗಡಿಯಲ್ಲಿ ಕೊಳ್ಳುವವರಿಗೆ ಒಂದು ಮಾತು. ಚೂರ್ಣ ಹಳತಾದಷ್ಟೂ ಸತ್ವ ಕಳೆದುಕೊಳ್ಳುತ್ತದೆ, ಆಸವ ಹಳತಾದಷ್ಟೂ ಒಳ್ಳೆಯದು ಅನ್ನುತ್ತಾನೆ ಶಾರ್ಙ್ಗಧರ. ಸೀಸೆಯ ತಳದಲ್ಲಿ ಕಂದು ಗಸಿ ನಿಂತಿದ್ದರೆ ಕೆಟ್ಟಿದೆಯೆಂದು ಹಿಂದಿರುಗಿಸಬೇಡಿ, ಅದು ಸಾಮಾನ್ಯ. ಮೂಗಿಗೆ ಹಿಡಿದಾಗ ವಿನಿಗರಿನ ಹುಳಿವಾಸನೆ ಹೊಡೆದರೆ ಮಾತ್ರ ಅನುಮಾನಪಡಿ.