ವೈದ್ಯಕೀಯ ಸೀಟು ದೊರೆಯದಿದ್ದರೆ ಜೈವಿಕ ತಂತ್ರಜ್ಞಾನವೇ?

ಪಿ.ಯು.ಸಿ. ಹಾಗೂ ನೀಟ್ ಫಲಿತಾಂಶಗಳು ಹೊರಬಿದ್ದೊಡನೆ ನಮ್ಮ ಭಾಗದ ಅನೇಕ ಮನೆಗಳಲ್ಲಿ ಚಿಂತೆ ಮೂಡುತ್ತದೆ. ವೈದ್ಯಕೀಯ ಸೀಟು ಕೈತಪ್ಪಿದ ಮಗಳಿಗೆ ಮುಂದೇನು ಎಂಬ ಪ್ರಶ್ನೆಗೆ ಬಂಧುಗಳು ಸೂಚಿಸುವ ದಾರಿಗಳಲ್ಲಿ ಬಯೋಟೆಕ್ನಾಲಜಿ, ಅಂದರೆ ಜೈವಿಕ ತಂತ್ರಜ್ಞಾನವೂ ಒಂದು. ಆದರೆ ಕೈತಪ್ಪಿದ್ದಕ್ಕೆ ಸಮಾಧಾನವೆಂದು ಇದನ್ನು ಆರಿಸಿಕೊಳ್ಳುವುದು ಉಚಿತವಲ್ಲವೆಂಬುದು ನಮ್ಮ ಅಭಿಪ್ರಾಯ.

ಈ ಶಾಸ್ತ್ರದ ಪ್ರಯೋಜನವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದೇ ತೊಗರಿಯನ್ನು ಕಾಡುವ ನೆಟೆ ರೋಗದ ಶಿಲೀಂಧ್ರವು ಮಣ್ಣಿನಿಂದ ಬೇರನ್ನು ಹೊಕ್ಕು, ನೀರು ಸಾಗುವ ನಾಳಗಳನ್ನು ಕಟ್ಟಿ ಗಿಡವನ್ನು ಒಣಗಿಸುತ್ತದೆ. 2011ರಲ್ಲಿ ಹೈದರಾಬಾದಿನ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದ ವಿಜ್ಞಾನಿಗಳು ತೊಗರಿಯ ಜೀನೋಮಿನ ಕರಡನ್ನು ಪ್ರಕಟಿಸಿದರು. ರೋಗ ತಾಳುವ ಗುಣದ ವಂಶವಾಹಿಗಳನ್ನು ಹುಡುಕಿ, ಸಸಿಯ ಹಂತದಲ್ಲಿಯೇ ಉತ್ತಮ ತಳಿಯನ್ನು ಆಯ್ದುಕೊಳ್ಳುವ ಕೆಲಸಕ್ಕೆ ಇದು ನೆರವಾಗುತ್ತದೆ. ಕಮಲಾಪುರದ ಹೆಸರಾಂತ ಕೆಂಪು ಬಾಳೆಯನ್ನೇ ನೋಡಿ. ಬಾಳೆಯನ್ನು ಕಂದಿನಿಂದ ಬೆಳೆಸುವಾಗ ತಾಯಿಗಿಡದ ರೋಗವೂ ಅದರೊಡನೆ ಸಾಗಬಹುದು. ಪರೀಕ್ಷಿಸಿದ ತಾಯಿಗಿಡದ ಸಣ್ಣ ತುಣುಕಿನಿಂದ ಪ್ರಯೋಗಾಲಯದಲ್ಲಿ ಸಾವಿರಾರು ಸಸಿಗಳನ್ನು ಬೆಳೆಸುವ ವಿಧಾನವೇ ಅಂಗಾಂಶ ಕೃಷಿ.

ಇನ್ನು ಶಿಕ್ಷಣದ ಮಾತು. ಬಿ.ಎಸ್ಸಿ. ಪದವಿ ಮೂರು ವರ್ಷದ್ದು, ಬಿ.ಇ. ನಾಲ್ಕು ವರ್ಷದ್ದು. ಬಿ.ಇ. ಸೇರಲು ಪಿ.ಯು.ಸಿ.ಯಲ್ಲಿ ಗಣಿತವನ್ನೂ ಓದಿರಬೇಕಾಗುವುದರಿಂದ, ವೈದ್ಯಕೀಯವೊಂದನ್ನೇ ನೆಚ್ಚಿ ಗಣಿತವನ್ನು ಕೈಬಿಡುವ ಮುನ್ನ ಪಾಲಕರು ಯೋಚಿಸಬೇಕು. ಹೆಣ್ಣುಮಕ್ಕಳನ್ನು ದೂರದ ಊರಿಗೆ ಕಳುಹಿಸಲು ಹಿಂಜರಿಯುವವರು ನಮ್ಮಲ್ಲಿದ್ದಾರೆ. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿಯೇ ಮಹಿಳಾ ಪದವಿ ಮಹಾವಿದ್ಯಾಲಯವಿದೆ. 1980ರಲ್ಲಿ ಸ್ಥಾಪನೆಗೊಂಡ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿಭಾಗವಿದೆ. ಊರಿನಲ್ಲಿದ್ದುಕೊಂಡೇ ವಿಜ್ಞಾನ ಕಲಿಯುವ ಅವಕಾಶ ನಮ್ಮ ಮಕ್ಕಳಿಗಿದೆ.

ಆದರೆ ಒಂದು ಸತ್ಯವನ್ನು ಮರೆಮಾಚಲಾಗದು. ಬಿ.ಎಸ್ಸಿ. ಮುಗಿದೊಡನೆ ದೊಡ್ಡ ಸಂಬಳದ ನೌಕರಿ ಕಾದಿರುತ್ತದೆಂದು ನಂಬಬಾರದು. ಸಂಶೋಧನೆಯತ್ತ ಹೋಗಲು ಎಂ.ಎಸ್ಸಿ., ಮುಂದೆ ಪಿಎಚ್.ಡಿ. ಬೇಕು. ಇದಕ್ಕಾಗಿ ಗ್ಯಾಟ್-ಬಿ, ಜಾಮ್ ಮುಂತಾದ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಗಳಿವೆ. ಇಷ್ಟು ವರ್ಷಗಳ ತಾಳ್ಮೆ ಮಗಳಿಗಷ್ಟೇ ಅಲ್ಲ, ಮನೆಯವರಿಗೂ ಇರಬೇಕು. ನಡುವೆಯೇ ಮದುವೆಯ ಅವಸರ ಮಾಡಿ ಓದು ನಿಲ್ಲಿಸಿದರೆ ಶ್ರಮ, ಹಣ ಎರಡೂ ವ್ಯರ್ಥ. ಪದವಿಯ ಹೆಸರೇ ಎಲ್ಲವೂ ಅಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದ ಶ್ರೀಮತಿ ಕಿರಣ್ ಮಜುಂದಾರ್-ಶಾ ಅವರು ಪದವಿಯಲ್ಲಿ ಓದಿದ್ದು ಪ್ರಾಣಿಶಾಸ್ತ್ರ.

ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಪಾಲಕರು ಮಗಳೊಡನೆ ಕಾಲೇಜಿಗೆ ಹೋಗಿ ಪ್ರಯೋಗಾಲಯವನ್ನು ಕಣ್ಣಾರೆ ನೋಡಲಿ. ವಿದ್ಯಾರ್ಥಿಗಳು ಉಪಕರಣಗಳನ್ನು ತಾವೇ ಬಳಸುವರೇ, ಕಾಯಂ ಅಧ್ಯಾಪಕರಿದ್ದಾರೆಯೇ, ಹಿಂದೆ ಓದಿದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಲಿ. ಎಲ್ಲಕ್ಕೂ ಮಿಗಿಲಾಗಿ, ಈ ವಿಷಯದಲ್ಲಿ ನಿನಗೆ ಆಸಕ್ತಿಯಿದೆಯೇ ಎಂದು ಮಗಳನ್ನೇ ಕೇಳಲಿ.