ದಿವಾನ್ ಮೇಲಿನ ಕಲೆ: ಹಬೆ ಬೇಕೋ, ನೀರು ಬೇಕೋ?

ನಮ್ಮ ಮನೆಯ ಹಾಲ್‌ನಲ್ಲಿ ಕಿಟಕಿಯ ಪಕ್ಕ ಒಂದು ದಿವಾನ್ ಇದೆ. ಮಂಡಿನೋವಿನಿಂದ ನೆಲದ ಮೇಲೆ ಕೂರಲಾಗದ ನನ್ನ ಅತ್ತೆಯವರು ಎರಡು ವರ್ಷಗಳಿಂದ ಅದರ ಮೇಲೆ ಕುಳಿತೇ ನಮಾಝ್ ಮಾಡುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ಒಂದೂವರೆ ವರ್ಷದ ಮಗ ಅದೇ ದಿವಾನ್ ಮೇಲೆ ಮೂತ್ರ ಮಾಡಿಬಿಟ್ಟ. ಮೇಲಿನ ಹೊದಿಕೆಯನ್ನು ತೆಗೆದು ತೊಳೆದೆವು. ಆದರೆ ಒಳಗಿನ ಗಾದಿಯನ್ನು ಏನು ಮಾಡುವುದು? ಅದನ್ನು ಬಕೆಟ್‌ನಲ್ಲಿ ಅದ್ದಲಾಗದು, ಹಿಂಡಲೂ ಆಗದು.

ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಕೈಯಲ್ಲಿ ಹಿಡಿಯುವ ಒಂದು ಸಣ್ಣ ಹಬೆ ಯಂತ್ರ ತರಿಸಿದೆ. ರೋಗಾಣುಗಳೆಲ್ಲ ಸಾಯುತ್ತವೆ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು. ಹತ್ತು ನಿಮಿಷ ಹಬೆ ಹಾಯಿಸಿದೆ. ಮೂತ್ರದ ವಾಸನೆ ಇಡೀ ಹಾಲ್‌ಗೆ ಹರಡಿತು. ಮರುದಿನ ಒಣಗಿದ ಮೇಲೆ ನೋಡಿದರೆ ಮೊದಲಿಗಿಂತ ಅಗಲವಾದ ಹಳದಿ ಅಂಚು. ಅತ್ತೆಯವರು ಏನೂ ಹೇಳಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಅಡುಗೆಮನೆಯ ಬಾಗಿಲ ಬಳಿ ಎಳೆದುಕೊಂಡು ಅಲ್ಲಿ ನಮಾಝ್ ಮಾಡತೊಡಗಿದರು.

ಯಂತ್ರ ಕೆಟ್ಟದ್ದೇನಲ್ಲ. ಅದು ಮಾಡಲಾಗದ ಕೆಲಸಕ್ಕೆ ನಾನು ಅದನ್ನು ತಂದಿದ್ದೆ. ಸೋಫಾ, ದಿವಾನ್, ಹಾಸಿಗೆ, ಕಾರಿನ ಸೀಟು ಶುಚಿಮಾಡುವ ಯಂತ್ರ ಕೊಳ್ಳಬೇಕೆಂದಿರುವ ಓದುಗರು ಇದೇ ತಪ್ಪು ಮಾಡದಿರಲಿ ಎಂದು ಈ ನಾಲ್ಕು ಮಾತು.

ಎರಡು ಯಂತ್ರ, ಎರಡು ಕೆಲಸ

ಅಂಗಡಿಯಲ್ಲಿ ಎರಡು ಬಗೆಯ ಸಣ್ಣ ಯಂತ್ರಗಳು ಸಿಗುತ್ತವೆ. ಒಂದು, ಹಬೆ ಯಂತ್ರ. ಇದರಲ್ಲಿ ಒಂದು ಸಣ್ಣ ನೀರಿನ ಪಾತ್ರೆ ಇರುತ್ತದೆ. ನೀರು ಕುದಿದು ಮೂತಿಯಿಂದ ಹಬೆ ಹೊರಬರುತ್ತದೆ. ಕಾರ್ಚರ್ ಕಂಪೆನಿಯ ಎಸ್‌ಸಿ ಸರಣಿ ಈ ಬಗೆಯದು. ಇನ್ನೊಂದು, ಕಲೆ ಹೀರುವ ಯಂತ್ರ. ಇದರಲ್ಲಿ ಎರಡು ಪಾತ್ರೆಗಳಿರುತ್ತವೆ. ಒಂದರಿಂದ ಶುದ್ಧ ನೀರು ಬಟ್ಟೆಯ ಮೇಲೆ ಚಿಮ್ಮುತ್ತದೆ. ಬ್ರಷ್‌ನಿಂದ ಉಜ್ಜಿದ ಮೇಲೆ ಕೊಳೆನೀರನ್ನು ಯಂತ್ರ ಹೀರಿ ಇನ್ನೊಂದು ಪಾತ್ರೆಗೆ ತುಂಬುತ್ತದೆ. ಬಿಸೆಲ್ ಕಂಪೆನಿಯ ಸ್ಪಾಟ್‌ಕ್ಲೀನ್ ಈ ಬಗೆಯದು.

ವ್ಯತ್ಯಾಸ ಇಷ್ಟೇ: ಹಬೆ ಕೊಳೆಯನ್ನು ಸಡಿಲಿಸುತ್ತದೆ, ಆದರೆ ಹೊರಗೆ ತೆಗೆಯುವುದಿಲ್ಲ. ಹೀರುವ ಯಂತ್ರ ಕೊಳೆಯನ್ನು ಹೊರಗೆ ತೆಗೆಯುತ್ತದೆ. ಟೈಲ್ಸ್, ಗ್ಯಾಸ್ ಒಲೆ, ಕಿಟಕಿಯ ಚೌಕಟ್ಟುಗಳಲ್ಲಿ ಹಬೆಯಿಂದ ಸಡಿಲಗೊಂಡ ಕೊಳೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಬಹುದು. ಗಾದಿಯೊಳಗೆ ಒರೆಸುವುದು ಹೇಗೆ? ಸಡಿಲಗೊಂಡದ್ದು ಇನ್ನಷ್ಟು ಒಳಗಿಳಿಯುತ್ತದೆ.

ಮೂತ್ರ, ರಕ್ತ, ಹಾಲು, ಮೊಟ್ಟೆ, ವಾಂತಿಯ ಕಲೆಗಳಿಗೆ ಶಾಖ ತಾಗಿಸಲೇಬಾರದು. ಹಾಲು, ರಕ್ತ, ಮೊಟ್ಟೆಗಳಲ್ಲಿರುವ ಪ್ರೋಟೀನ್ ಬೆಂದ ಮೊಟ್ಟೆಯಂತೆ ಗಟ್ಟಿಯಾಗಿ ಬಟ್ಟೆಯ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಮೂತ್ರದ ವಾಸನೆ ಶಾಖಕ್ಕೆ ಇನ್ನಷ್ಟು ಎದ್ದು ಹರಡುತ್ತದೆ. ಇವಕ್ಕೆ ಮೊದಲು ಬೇಕಾದದ್ದು ತಣ್ಣೀರು.

ಹಾಗಾದರೆ ಹಬೆಯಿಂದ ಉಪಯೋಗವೇ ಇಲ್ಲವೇ? ಇದೆ. ತಿಗಣೆಗಳು ಮತ್ತು ಅವುಗಳ ಮೊಟ್ಟೆಗಳು ಬಿಸಿಗೆ ಸಾಯುತ್ತವೆ. ಮಂಚದ ಸಂದಿ, ಸೋಫಾದ ಹೊಲಿಗೆಗಳ ಉದ್ದಕ್ಕೂ ಹಬೆಯ ಮೂತಿಯನ್ನು ತೀರಾ ನಿಧಾನವಾಗಿ ಸರಿಸಬೇಕು. ಬೇಗ ಸರಿಸಿದರೆ ಶಾಖ ಒಳಗೆ ತಲಪುವುದಿಲ್ಲ. ಆಸ್ತಮಾ ಇರುವವರಿಗೆ ತೊಂದರೆ ಕೊಡುವ ಧೂಳಿನ ನುಸಿಗಳೂ ಶಾಖಕ್ಕೆ ಸಾಯುತ್ತವೆ. ಆದರೆ ಅಲರ್ಜಿಗೆ ಮುಖ್ಯ ಕಾರಣ ಆ ನುಸಿಗಳ ಮಲ. ಅವು ಸತ್ತರೂ ಮಲ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಹಬೆ ಹಾಯಿಸಿ, ಒಣಗಿದ ಮೇಲೆ ವ್ಯಾಕ್ಯೂಮ್ ಮಾಡಬೇಕು. ತೆಗೆಯಬಹುದಾದ ಹೊದಿಕೆಗಳನ್ನು, ಬಟ್ಟೆ ತಾಳುವುದಾದರೆ, 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯುವುದು ಇದಕ್ಕಿಂತ ಸುಲಭ.

ತಹಾರತ್‌ನ ಪ್ರಶ್ನೆ

ನಮ್ಮ ಮನೆಗಳಲ್ಲಿ ಶುಚಿತ್ವವೆಂದರೆ ಕಣ್ಣಿಗೆ ಚೆನ್ನಾಗಿ ಕಾಣುವುದಷ್ಟೇ ಅಲ್ಲ. ರೋಗಾಣು ಸತ್ತಿತೆಂಬ ಮಾತ್ರಕ್ಕೆ ನಜಸ್ ಹೋಯಿತೆಂದು ಅರ್ಥವಲ್ಲ. ನಜಸ್ ಆ ಜಾಗದಿಂದ ನೀಗಬೇಕು.

ಗ್ರಾಮೀಣ ಅರಬನೊಬ್ಬ ಮದೀನಾದ ಮಸೀದಿಯೊಳಗೆ ಮೂತ್ರ ಮಾಡಿದ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಜನ ಅವನ ಮೇಲೆ ಮುಗಿಬೀಳಲು ಹೊರಟಾಗ ಪ್ರವಾದಿ(ಸ)ರು ಅವರನ್ನು ತಡೆದರು. ನಂತರ ಆ ಜಾಗಕ್ಕೆ ಒಂದು ದೊಡ್ಡ ಬಕೆಟ್ ನೀರು ಸುರಿಯುವಂತೆ ಹೇಳಿದರು. ಇದರಲ್ಲಿ ನಮಗೆ ಎರಡು ಪಾಠಗಳಿವೆ. ಒಂದು, ಮಗುವನ್ನು ಗದರಬೇಕಾಗಿಲ್ಲ. ಎರಡು, ನೀರೇ ಮೊದಲ ಸಾಧನ.

ಹಿಂಡಲಾಗದ ವಸ್ತುವನ್ನು ಮೂರು ಬಾರಿ ತೊಳೆದು, ಪ್ರತಿ ಬಾರಿಯೂ ನೀರು ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಬೇಕೆಂದು ಹನಫೀ ವಿದ್ವಾಂಸರು ಹೇಳುತ್ತಾರೆ. ಹೀರುವ ಯಂತ್ರದ ಕೆಲಸ ಇದಕ್ಕೆ ಹತ್ತಿರವಾಗಿದೆ: ಶುದ್ಧ ನೀರು ಹೋಗುತ್ತದೆ, ಕೊಳೆನೀರು ಬೇರೆ ಪಾತ್ರೆಗೆ ಬರುತ್ತದೆ, ಮತ್ತೆ ಶುದ್ಧ ನೀರು. ತೊಳೆದ ನಂತರವೂ ಹೋಗದೆ ಉಳಿಯುವ ಬಣ್ಣದ ಕುರುಹಿಗೆ ವಿನಾಯಿತಿ ಇದೆ; ಅದಕ್ಕಾಗಿ ವಸ್‌ವಾಸ್‌ಗೆ ಒಳಗಾಗಬೇಕಿಲ್ಲ. ಹಾಲು ಮಾತ್ರ ಕುಡಿಯುವ ಹಸುಗೂಸಿನ ಮೂತ್ರದಂಥ ವಿಷಯಗಳಲ್ಲಿ ಮದ್‌ಹಬ್‌ಗಳ ನಡುವೆ ಭಿನ್ನಾಭಿಪ್ರಾಯಗಳಿವೆ. ಸಂಶಯವಿದ್ದರೆ ನಿಮ್ಮ ಮೊಹಲ್ಲಾದ ಇಮಾಮರನ್ನು ಕೇಳಿ. ಕೇಳುವಾಗ ಯಂತ್ರ ಏನು ಮಾಡುತ್ತದೆ ಎಂಬುದನ್ನು ಸರಿಯಾಗಿ ವಿವರಿಸಿ: ಹಬೆ ಮಾತ್ರ ಬಿಡುತ್ತದೆಯೋ, ನೀರು ಹಾಕಿ ಹೀರುತ್ತದೆಯೋ?

ನಮ್ಮ ಮಣ್ಣು, ನಮ್ಮ ನೀರು

ಬೀದರ್ ನಗರ, ಕೊಳಾರದ ಕಡೆಯವರಿಗೆ ಕೆಂಪು ಧೂಳಿನ ಪರಿಚಯ ಬೇಕಿಲ್ಲ. ಭಾಲ್ಕಿ, ಔರಾದ್ ಕಡೆ ಕಪ್ಪು ಮಣ್ಣು. ಈ ಧೂಳು ಕೂತ ಸೋಫಾದ ಮೇಲೆ ನೇರವಾಗಿ ನೀರು ಅಥವಾ ಹಬೆ ಬಿಟ್ಟರೆ ಧೂಳೆಲ್ಲ ಕೆಸರಾಗಿ ಎಳೆಗಳೊಳಗೆ ಇಳಿಯುತ್ತದೆ. ಮೊದಲು ಒಣಗಿದ್ದಾಗಲೇ ವ್ಯಾಕ್ಯೂಮ್ ಮಾಡಿ ಅಥವಾ ದಿಂಬುಗಳನ್ನು ಹೊರಗೆ ಒಯ್ದು ಬಡಿದು ಧೂಳು ತೆಗೆಯಿರಿ. ನೀರಿನ ಕೆಲಸ ಆಮೇಲೆ.

ಎರಡನೆಯದು ನೀರು. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆಯೇ? ಹಾಗಿದ್ದರೆ ಅದೇ ಪದರ ಹಬೆ ಯಂತ್ರದೊಳಗೂ ಕಟ್ಟಿ, ಸಣ್ಣ ಮೂತಿಯನ್ನು ಮುಚ್ಚುತ್ತದೆ. ಕೈಪಿಡಿಯಲ್ಲಿ ಯಾವ ನೀರು ಹೇಳಿದೆಯೋ ಅದನ್ನೇ ಬಳಸಿ. ನೀರಿನ ಪಾತ್ರೆಗೆ ಅತ್ತರ್, ಫಿನಾಯಿಲ್, ಸೋಪುಪುಡಿ ಏನನ್ನೂ ಹಾಕಬೇಡಿ.

ಮೂರನೆಯದು ಹವಾಮಾನ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಒದ್ದೆ ದಿಂಬು ಒಂದೇ ದಿನದಲ್ಲಿ ಒಣಗುತ್ತದೆ. ಮಳೆಗಾಲದಲ್ಲಿ ಹಾಗಲ್ಲ. ಒದ್ದೆಯಾದ ಗಾದಿ 24ರಿಂದ 48 ಗಂಟೆಗಳೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಬಹುದು. ಮಕ್ಕಳ ಎದೆಗೆ ಅದು ಒಳ್ಳೆಯದಲ್ಲ. ಇಡೀ ಸೋಫಾ ತೊಳೆಯುವ ಕೆಲಸವನ್ನು ಮಳೆಯಿಲ್ಲದ ದಿನಕ್ಕೆ ಇಟ್ಟುಕೊಳ್ಳಿ. ಈದ್‌ನ ಹಿಂದಿನ ರಾತ್ರಿಗಂತೂ ಉಳಿಸಿಕೊಳ್ಳಬೇಡಿ.

ಬಟ್ಟೆಯ ಗುರುತು ನೋಡಿ

ಕೆಲವು ಸೋಫಾಗಳ ದಿಂಬಿನ ಕೆಳಗೆ ಒಂದು ಸಣ್ಣ ಚೀಟಿ ಹೊಲಿದಿರುತ್ತದೆ. ಅದರಲ್ಲಿ ಇಂಗ್ಲಿಷಿನ ‘ಡಬ್ಲ್ಯೂ’ ಇದ್ದರೆ ನೀರು ಬಳಸಬಹುದು. ‘ಎಸ್’ ಇದ್ದರೆ ನೀರು ಕೂಡದು, ಡ್ರೈಕ್ಲೀನ್ ದ್ರಾವಣ ಮಾತ್ರ. ‘ಡಬ್ಲ್ಯೂಎಸ್’ ಎಂದರೆ ಎರಡೂ ಆಗಬಹುದು. ‘ಎಕ್ಸ್’ ಇದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಮಾಡುವಂತಿಲ್ಲ. ಊರಿನ ಬಡಗಿಯಿಂದ ಮಾಡಿಸಿದ ಸೋಫಾಗೆ ಚೀಟಿ ಇರುವುದಿಲ್ಲ. ಆಗ ಹಿಂಭಾಗದ ಕಾಣದ ಮೂಲೆಯಲ್ಲಿ ಸ್ವಲ್ಪ ನೀರು ಹಾಕಿ, ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿ. ರೇಷ್ಮೆ, ವೆಲ್ವೆಟ್, ರೆಕ್ಸಿನ್, ಚರ್ಮದ ಮೇಲೆ ಹಬೆ ಬೇಡ.

ದಾವತ್ ಮುಗಿದ ಮೇಲೆ ಉಳಿಯುವ ಅರಿಶಿನದ ಕಲೆಗೆ ಒಂದು ಮಾತು. ಸೋಪು ತಾಗಿದಾಗ ಅದು ಕೆಂಪಾಗುತ್ತದೆ, ಗಾಬರಿ ಬೇಡ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ತೊಳೆದು ಬಿಸಿಲಿಗೆ ಇಟ್ಟರೆ ಮೆಲ್ಲಗೆ ಮಾಸುತ್ತದೆ.

ಮಕ್ಕಳಿರುವ ಮನೆಯಲ್ಲಿ ಎಚ್ಚರ

ಹಬೆಯ ಸುಡುವಿಕೆ ಬಿಸಿನೀರಿನದಕ್ಕಿಂತ ತೀವ್ರ. ಹಬೆ ಚರ್ಮದ ಮೇಲೆ ನೀರಾಗುವಾಗ ತನ್ನೊಳಗಿನ ಶಾಖವನ್ನೂ ಬಿಟ್ಟುಕೊಡುತ್ತದೆ. ಹೆಸರಾಂತ ಕಂಪೆನಿಯ ಯಂತ್ರವಾದರೂ ಎಚ್ಚರ ತಪ್ಪಬಾರದು. 2024ರ ಜುಲೈನಲ್ಲಿ ಅಮೆರಿಕದಲ್ಲಿ ಬಿಸೆಲ್ ಕಂಪೆನಿ ಕೈಯಲ್ಲಿ ಹಿಡಿಯುವ ಸ್ಟೀಮ್ ಶಾಟ್ ಎಂಬ ಹಬೆ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅವುಗಳ ಸಂಖ್ಯೆ ಸುಮಾರು 32 ಲಕ್ಷ. ಬಳಸುವಾಗ ಅಥವಾ ಕಾಯುವಾಗ ಬಿಸಿನೀರು, ಹಬೆ ಹೊರಚಿಮ್ಮಿ ಜನರಿಗೆ ಸುಟ್ಟ ಗಾಯಗಳಾಗಿದ್ದವು. ವಿದೇಶದಿಂದ ಬಂದ ಬಂಧುಗಳು ಇಂಥ ಯಂತ್ರ ತಂದುಕೊಟ್ಟಿದ್ದರೆ ಅದರ ಹೆಸರು, ಮಾದರಿ ಸಂಖ್ಯೆ ಪರೀಕ್ಷಿಸಿಕೊಳ್ಳಿ.

ಯಂತ್ರ ಬಿಸಿಯಾಗಿರುವಾಗ ಮುಚ್ಚಳ ತೆಗೆಯಬೇಡಿ. ಮಕ್ಕಳು ಕೋಣೆಯಲ್ಲಿರಬಾರದು. ಸುಟ್ಟರೆ ಹರಿಯುವ ತಣ್ಣೀರನ್ನು 20 ನಿಮಿಷ ಹಾಯಿಸಿ. ಟೂತ್‌ಪೇಸ್ಟ್, ಮಂಜುಗಡ್ಡೆ ಹಚ್ಚಬೇಡಿ. ಬೊಕ್ಕೆ ದೊಡ್ಡದಾಗಿದ್ದರೆ ಅಥವಾ ಗಾಯವಾದದ್ದು ಮಗುವಿಗಾದರೆ ವೈದ್ಯರಲ್ಲಿಗೆ ಹೋಗಿ.

ಇನ್ನೊಂದು ಎಚ್ಚರಿಕೆ: ಮೂತ್ರದ ಕಲೆಯ ಮೇಲೆ ಬ್ಲೀಚ್ ಸುರಿಯಬೇಡಿ. ಮೂತ್ರದಲ್ಲಿನ ಅಮೋನಿಯಾದೊಂದಿಗೆ ಸೇರಿ ಅದು ಉಸಿರಾಟಕ್ಕೆ ಹಾನಿಕರವಾದ ಅನಿಲ ಬಿಡುತ್ತದೆ. ಬ್ಲೀಚ್ ಮತ್ತು ವಿನೆಗರ್ ಎರಡನ್ನೂ ಬೆರೆಸಲೇಬಾರದು.

ಕೊಳ್ಳುವ ಮುನ್ನ ಕೇಳಿಕೊಳ್ಳಿ

1. ನಿಮ್ಮ ಮುಖ್ಯ ತೊಂದರೆ ಏನು? ಮಕ್ಕಳ ಮೂತ್ರ, ಚಹಾ, ಸಾರಿನ ಕಲೆಯಾದರೆ ಹೀರುವ ಯಂತ್ರ. ತಿಗಣೆ, ಅಡುಗೆಮನೆಯ ಜಿಡ್ಡು, ಟೈಲ್ಸ್‌ನ ಸಂದಿಯಾದರೆ ಹಬೆ ಯಂತ್ರ.

2. ಶುದ್ಧ ನೀರಿಗೂ ಕೊಳೆನೀರಿಗೂ ಬೇರೆ ಬೇರೆ ಪಾತ್ರೆಗಳಿವೆಯೇ? ಕೊಳೆಯ ಪಾತ್ರೆ, ಬ್ರಷ್ ಬಿಚ್ಚಿ ತೊಳೆಯಲು ಬರುತ್ತವೆಯೇ?

3. ಎಷ್ಟು ವ್ಯಾಟ್? 1500 ವ್ಯಾಟ್‌ನ ಹಬೆ ಯಂತ್ರವನ್ನು ಮನೆಯ ಸಾಮಾನ್ಯ ಇನ್‌ವರ್ಟರ್ ಎಳೆಯುವುದಿಲ್ಲ. ಅದಕ್ಕೆ ಅರ್ತಿಂಗ್ ಇರುವ ದೊಡ್ಡ ಪ್ಲಗ್ ಬೇಕು. ಅರ್ಧ ಗಂಟೆ ಓಡಿಸಿದರೆ ಮುಕ್ಕಾಲು ಯೂನಿಟ್ ವಿದ್ಯುತ್.

4. ರಿಪೇರಿ ಎಲ್ಲಿ? ಬೀದರ್‌ನಲ್ಲಿ ಆಗುತ್ತದೆಯೋ, ಕಲಬುರಗಿಗೋ ಹೈದರಾಬಾದ್‌ಗೋ ಒಯ್ಯಬೇಕೋ? ಔರಾದ್‌ನವರು ಇದನ್ನು ಮೊದಲೇ ಕೇಳುವುದು ಒಳ್ಳೆಯದು.

5. ವರ್ಷಕ್ಕೆ ಎಷ್ಟು ಸಲ ಬಳಸುತ್ತೀರಿ? ಒಳ್ಳೆಯ ಹೀರುವ ಯಂತ್ರದ ಬೆಲೆ ಸಣ್ಣ ಹಬೆ ಯಂತ್ರದ ಹಲವು ಪಟ್ಟು. ಎರಡು ಸಲ ಬಳಸಿ ಅಟ್ಟಕ್ಕೇರಿಸುವುದಾದರೆ ಅದು ಇಸ್ರಾಫ್. ಅಣ್ಣತಮ್ಮಂದಿರ ಅಥವಾ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ಕೊಳ್ಳಬಹುದು. ನಿತ್ಯಬಳಕೆಯ ಸಣ್ಣ ವಸ್ತುಗಳನ್ನು ನೆರೆಯವರಿಗೆ ಕೊಡದಿರುವುದನ್ನು ಕುರ್‌ಆನ್‌ನ ಅಲ್‌ಮಾಊನ್ ಅಧ್ಯಾಯ ಖಂಡಿಸಿದೆ ಎಂಬುದು ನೆನಪಿರಲಿ.

ಯಂತ್ರ ಕೊಳ್ಳಲಾಗದಿದ್ದರೆ

ಮೂತ್ರ ಬಿದ್ದ ತಕ್ಷಣ ಹಳೆಯ ಟವಲ್ ಇಟ್ಟು ಒತ್ತಿ. ಉಜ್ಜಬೇಡಿ, ಉಜ್ಜಿದರೆ ಕಲೆ ಹರಡುತ್ತದೆ. ಟವಲ್‌ನ ಮೇಲೆ ನಿಂತರೂ ಸರಿಯೇ. ನಂತರ ತಣ್ಣೀರು ಸುರಿದು ಬೇರೆ ಒಣ ಟವಲ್‌ನಿಂದ ಮತ್ತೆ ಒತ್ತಿ ತೆಗೆಯಿರಿ. ಕನಿಷ್ಠ ಮೂರು ಬಾರಿ ಹೀಗೆ ಮಾಡಿ. ಮನೆಯಲ್ಲಿ ಒದ್ದೆ-ಒಣ ಎರಡಕ್ಕೂ ಆಗುವ ವ್ಯಾಕ್ಯೂಮ್ ಇದ್ದರೆ ಟವಲ್‌ನ ಬದಲು ಅದರಿಂದ ನೀರು ಹೀರಬಹುದು. ಒಣ ಧೂಳಿಗೆ ಮಾತ್ರ ಇರುವ ವ್ಯಾಕ್ಯೂಮ್‌ನಿಂದ ನೀರು ಹೀರಬೇಡಿ. ಶಾಕ್ ಹೊಡೆಯುವ ಅಪಾಯವಿದೆ.

ಹಳೆಯ ಕಲೆಯ ವಾಸನೆಗೆ ಎನ್‌ಝೈಮ್ ಇರುವ ದ್ರಾವಣಗಳು ಸಿಗುತ್ತವೆ. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಆಮೇಲೆ ಬರಿ ನೀರಿನಿಂದ ತೊಳೆಯಿರಿ. ಮೂತ್ರ ಫೋಮ್‌ನ ತಳದವರೆಗೂ ಇಳಿದಿದ್ದರೆ ಸಣ್ಣ ಯಂತ್ರವೂ ಸೋಲುತ್ತದೆ. ಆಗ ಫೋಮ್ ಹೊರತೆಗೆದು ಅಂಗಳದಲ್ಲಿ ಪೈಪಿನ ನೀರು ಹಾಯಿಸಿ, ನಿಲ್ಲಿಸಿ ಸೋರಬಿಟ್ಟು, ಬಿಸಿಲಿಗೆ ಒಣಗಿಸಬೇಕು.

ನಾವು ಕೊನೆಗೆ ಮಾಡಿದ್ದೂ ಇದನ್ನೇ. ಮಳೆ ಬಿಡುವು ಕೊಟ್ಟ ಒಂದು ದಿನ ದಿವಾನ್‌ನ ಫೋಮ್ ಅನ್ನು ಮಹಡಿಗೆ ಒಯ್ದು ಮೂರು ಬಾರಿ ನೀರು ಹಾಯಿಸಿದೆವು. ಎರಡು ದಿನ ಬಿಸಿಲು, ಎರಡು ರಾತ್ರಿ ಫ್ಯಾನಿನ ಗಾಳಿ. ಆಮೇಲೆ ಫೋಮ್‌ಗೆ ನೀರಿಳಿಯದ ಒಂದು ಕವರ್ ಹೊಲಿಸಿದೆವು. ಮೊದಲೇ ಹೊಲಿಸಿದ್ದರೆ ಯಂತ್ರದ ಮಾತೇ ಬರುತ್ತಿರಲಿಲ್ಲ. ಪುಟ್ಟ ಮಕ್ಕಳಿರುವ ಮನೆಯವರು ಯಾವ ಯಂತ್ರ ಕೊಳ್ಳುವ ಮೊದಲೂ ಆ ಕವರ್ ಹೊಲಿಸಿಕೊಳ್ಳಲಿ ಎಂಬುದೇ ನನ್ನ ಸಲಹೆ.

ಹಬೆ ಯಂತ್ರ ಈಗ ಅಡುಗೆಮನೆಯಲ್ಲಿದೆ, ಒಲೆಯ ಜಿಡ್ಡು ತೆಗೆಯುವ ಕೆಲಸ ಚೆನ್ನಾಗಿಯೇ ಮಾಡುತ್ತಿದೆ. ಮೂರನೆಯ ದಿನ ಅಸರ್‌ನ ಹೊತ್ತಿಗೆ ಅತ್ತೆಯವರು ದಿವಾನ್ ಮೇಲೆ ಕೈಯಾಡಿಸಿ, ಮೂಸಿ ನೋಡಿದರು. ಆಮೇಲೆ ತಮ್ಮ ಜಾನಮಾಝ್ ತಂದು ಅದರ ಮೇಲೆ ಹಾಸಿದರು.