ಫೋನಿನ ಕರೆಗೆ ಓಗೊಡದ ಪಂಪಿನ ಪೆಟ್ಟಿಗೆ



ತ್ರೀಫೇಸ್ ಕರೆಂಟು ಎಷ್ಟೋ ಕಡೆ ಅಪರಾತ್ರಿಯಲ್ಲಿ ಬರುತ್ತದೆ. ಹೊರಗೆ ಹಾವು ಹುಳದ ಭಯ, ಕಾಡಂಚಿನ ಊರುಗಳಲ್ಲಿ ಆನೆ ಚಿರತೆಯ ಭಯ. ಇದಕ್ಕೆಂದೇ ನಿಮ್ಮಲ್ಲಿ ಬಹಳ ಮಂದಿ ಪಂಪಿನ ಮನೆಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀರಿ. ಹಾಸಿಗೆಯ ಮೇಲೆ ಕೂತೇ ಫೋನು ಮಾಡಿ ಗುಂಡಿ ಒತ್ತಿದರೆ ಮೋಟಾರು ಓಡುತ್ತಿತ್ತು. ಈಗ ನಾಲ್ಕು ದಿನದಿಂದ ಎಷ್ಟು ಕರೆದರೂ ಓಗೊಡುವುದಿಲ್ಲ, ಅತ್ತ ಬದನೆ ಗಿಡ ಬಾಡುತ್ತಿದೆ. ಪೆಟ್ಟಿಗೆಯನ್ನು ಬಿಚ್ಚಿ ನೋಡೋಣವೇ ಅಂತ ಕೈ ತುರಿಸುತ್ತದೆ, ಅಲ್ಲವೇ?

ನೋಡೋಣ. ಆದರೆ ಬಿಚ್ಚುವುದಕ್ಕೆ ಮೊದಲು ಹೊರಗಿನದನ್ನು ನೋಡಬೇಕು. ನಾನೇ ಒಮ್ಮೆ ಒಂದು ಇಡೀ ಮಧ್ಯಾಹ್ನ ಪೆಟ್ಟಿಗೆಯನ್ನು ಬಿಚ್ಚಿ ಹರಡಿಕೊಂಡು ಕೂತಿದ್ದೆ. ಕೊನೆಗೆ ಗೊತ್ತಾದದ್ದೇನು? ಒಳಗಿನ ಸಿಮ್‌ಗೆ ರೀಚಾರ್ಜ್ ಮುಗಿದಿತ್ತು! ನಮ್ಮ ಕೈಯ ಫೋನಿಗೆ ತಪ್ಪದೆ ಹಾಕಿಸುತ್ತೇವೆ, ಪೆಟ್ಟಿಗೆಯಲ್ಲಿ ಕೂತ ಸಿಮ್ಮನ್ನು ಮರೆತುಬಿಡುತ್ತೇವೆ. ಆ ಸಿಮ್ಮನ್ನು ತೆಗೆದು ಬೇರೊಂದು ಫೋನಿಗೆ ಹಾಕಿ, ಕರೆ ಬರುತ್ತದೆಯೇ ನೋಡಿ. ಇನ್ನೊಂದು ಮಾತು: ಹಳೆಯ ಪೆಟ್ಟಿಗೆಗಳು ಬಹುಪಾಲು ೨ಜಿ ಜಾಲದಲ್ಲಿ ಕೆಲಸ ಮಾಡುವಂಥವು. ೨೦೧೬ರಲ್ಲಿ ಸೇವೆ ಆರಂಭಿಸಿದ ಜಿಯೋ ಜಾಲದಲ್ಲಿ ೨ಜಿ ಇಲ್ಲವೇ ಇಲ್ಲ. ಆ ಸಿಮ್ ನಿಮ್ಮ ಕೈಯ ಫೋನಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ, ೨ಜಿ ಪೆಟ್ಟಿಗೆಯಲ್ಲಿ ಮಾತ್ರ ಮೂಕ.

ಆಮೇಲೆ ಆಂಟೆನಾ. ಕಬ್ಬಿಣದ ಪೆಟ್ಟಿಗೆಯ ಒಳಗೇ ಅದನ್ನು ಸುತ್ತಿಟ್ಟರೆ ಅಲೆಗಳು ಒಳಗೆ ಬರುವುದಾದರೂ ಹೇಗೆ? ಹೊರಗೆ, ಎತ್ತರದಲ್ಲಿ ಇರಬೇಕು. ತಿರುಪು ಸಡಿಲಾಗಿದೆಯೇ, ತಂತಿಯನ್ನು ಇಲಿ ಕಡಿದಿದೆಯೇ ನೋಡಿ. ನೀವು ಹೊಸ ನಂಬರು ತೆಗೆದುಕೊಂಡಿದ್ದರೆ ಅದನ್ನು ಪೆಟ್ಟಿಗೆಗೆ ತಿಳಿಸಿದ್ದೀರೋ ಇಲ್ಲವೋ ಎಂಬುದೂ ಒಂದು. ಒಂದು ಫೇಸ್ ಇಲ್ಲದಿದ್ದರೆ, ಇಲ್ಲವೇ ಬೋರಿನಲ್ಲಿ ನೀರು ಇಳಿದಿದ್ದರೆ, ಬಹಳ ಪೆಟ್ಟಿಗೆಗಳು ಬೇಕೆಂದೇ ಮೋಟಾರು ಹಾಕುವುದಿಲ್ಲ. ಅದು ಕೆಟ್ಟದ್ದಲ್ಲ, ಮೋಟಾರು ಸುಡದಂತೆ ಕಾಯುತ್ತಿದೆ. ಆ ಕಾವಲನ್ನು ತಂತಿ ಸೇರಿಸಿ ತಪ್ಪಿಸುವವರು ಇದ್ದಾರೆ. ಅವರೇ ಆಮೇಲೆ ಮೋಟಾರನ್ನು ವೈಂಡಿಂಗ್ ಅಂಗಡಿಗೆ ಹೊರುತ್ತಾರೆ.

ಇಷ್ಟೆಲ್ಲ ಸರಿಯಿದ್ದೂ ನಡೆಯದಿದ್ದರೆ ಒಂದು ಪರೀಕ್ಷೆ. ಮುಚ್ಚಳ ಮುಚ್ಚಿರಲಿ, ಕೈ ಒಣಗಿರಲಿ. ಸ್ಟಾರ್ಟರಿನ ಹಸಿರು ಗುಂಡಿಯನ್ನು ಕೈಯಿಂದ ಒತ್ತಿ. ಮೋಟಾರು ಓಡದಿದ್ದರೆ ತಪ್ಪು ಫೋನಿನ ಪೆಟ್ಟಿಗೆಯದಲ್ಲ. ಸ್ಟಾರ್ಟರಿನ ಕಾಯಿಲ್ ಸುಟ್ಟಿರಬಹುದು, ಓವರ್‌ಲೋಡ್ ಬಿದ್ದಿರಬಹುದು. ಗುಂಡಿ ಒತ್ತಿದಾಗ ಓಡಿ, ಫೋನಿಗೆ ಮಾತ್ರ ಓಡದಿದ್ದರೆ ತಪ್ಪು ಪೆಟ್ಟಿಗೆಯಲ್ಲಿದೆ, ಇಲ್ಲವೇ ಅದರಿಂದ ಸ್ಟಾರ್ಟರಿಗೆ ಬರುವ ತಂತಿಯಲ್ಲಿದೆ. ಈಗ ಮೋಟಾರು ನಿಲ್ಲಿಸಿ, ಮನೆಯವರಿಂದ ಫೋನು ಮಾಡಿಸಿ, ನೀವು ಪೆಟ್ಟಿಗೆಯ ಹತ್ತಿರ ನಿಂತು ಕಿವಿಗೊಡಿ. 'ಟಕ್' ಎಂದು ಸಣ್ಣ ಸದ್ದು ಬಂತೇ? ಅದು ರಿಲೇ. ಸಣ್ಣದೊಂದು ವಿದ್ಯುತ್ ಅಯಸ್ಕಾಂತ. ಕರೆ ಬಂದಾಗ ಪುಟ್ಟ ತಗಡನ್ನು ಎಳೆದು, ನೀವು ಬೆರಳಿನಿಂದ ಹಸಿರು ಗುಂಡಿ ಒತ್ತುವ ಕೆಲಸವನ್ನೇ ಮಾಡುತ್ತದೆ. ಟಕ್ ಎಂದರೂ ಮೋಟಾರು ಬರದಿದ್ದರೆ ರಿಲೇಯ ತುದಿಗಳು ಸುಟ್ಟಿವೆ, ಅಥವಾ ತಂತಿಯ ತಿರುಪು ಸಡಿಲ. ಸದ್ದೇ ಇಲ್ಲದಿದ್ದರೆ ತಪ್ಪು ಇನ್ನೂ ಒಳಗಿದೆ.

ಈಗ ಬಿಚ್ಚುವ ಮಾತು. ಇಲ್ಲಿ ದಯವಿಟ್ಟು ನಿಧಾನಿಸಿ. ಫೇಸಿಗೂ ಫೇಸಿಗೂ ನಡುವೆ ೪೧೫ ವೋಲ್ಟ್ ಇರುತ್ತದೆ. ಅದಕ್ಕಿಂತ ಹೆಚ್ಚಿನ ಅಪಾಯ ಮತ್ತೊಂದಿದೆ: ನೀವು ಒಳಗೆ ಕೈಯಿಟ್ಟಿದ್ದಾಗ, ಏನೂ ತಿಳಿಯದ ಮಗ ಪೇಟೆಯಿಂದಲೇ ಫೋನು ಮಾಡಿ ಮೋಟಾರು ಹಾಕಬಹುದು! ಹಳೆಯ ಸ್ಟಾರ್ಟರಿಗೆ ಈ ಭಯ ಇರಲಿಲ್ಲ. ಆದ್ದರಿಂದ ಮೇನ್ ಸ್ವಿಚ್ ಇಳಿಸಿದರೆ ಸಾಲದು, ಮೂರೂ ಫ್ಯೂಸುಗಳನ್ನು ಕಿತ್ತು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಟೆಸ್ಟರನ್ನು ಮನೆಯಿಂದ ಹೊರಡುವಾಗಲೇ ಪ್ಲಗ್ಗಿನಲ್ಲಿ ಹಿಡಿದು, ಅದು ಉರಿಯುತ್ತದೆ ಎಂದು ಖಚಿತ ಮಾಡಿಕೊಂಡು ತನ್ನಿ. ಅದರಿಂದ ಪೆಟ್ಟಿಗೆಯ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಮೇನ್ ಸ್ವಿಚ್ಚಿಗೆ ಕಂಬದಿಂದ ಬರುವ ತಂತಿಯಲ್ಲಿ ಆಗಲೂ ಕರೆಂಟು ಇದ್ದೇ ಇರುತ್ತದೆ, ಅತ್ತ ಹೋಗಬೇಡಿ. ಕಾಲಿನ ಕೆಳಗೆ ನೆಲ ಒದ್ದೆಯಿದ್ದರೆ ಆ ದಿನ ಕೆಲಸವೇ ಬೇಡ. ಹತ್ತು ನಿಮಿಷ ಕಾದು ಮುಚ್ಚಳ ತೆಗೆಯಿರಿ.

ಒಳಗೆ ಹಲ್ಲಿ ಸತ್ತಿರಬಹುದು, ಇರುವೆ ಗೂಡು ಕಟ್ಟಿರಬಹುದು. ಮೃದುವಾದ ಒಣ ಕುಂಚದಿಂದ ಗುಡಿಸಿ. ಆಮೇಲೆ ಹಲಗೆಯ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ತಲೆ ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ಬಣ್ಣದ ರಸ ಸೋರಿದ್ದರೆ, ಹೆಚ್ಚಾಗಿ ಕಳ್ಳ ಅದೇ.

ಹೇಗೆಂದರೆ, ಒಳಗಿನ ಫೋನಿನ ಬಿಲ್ಲೆ ಸುಮ್ಮನೆ ಕೂತಾಗ ಬಹಳ ಕಡಿಮೆ ಕರೆಂಟು ತಿನ್ನುತ್ತದೆ. ಟವರಿನೊಡನೆ ಮಾತಾಡುವಾಗ ಮಾತ್ರ ಕ್ಷಣ ಕ್ಷಣ ೨ ಆಂಪಿಯರ್‌ವರೆಗೂ ಎಳೆಯುತ್ತದೆ. ಕೆಪಾಸಿಟರು ನಮ್ಮ ಮನೆಯ ನೀರಿನ ತೊಟ್ಟಿ ಇದ್ದ ಹಾಗೆ: ತೊಟ್ಟಿ ತುಂಬಿದ್ದರೆ ಒಮ್ಮೆಗೇ ನಾಲ್ಕು ಕೊಡ ಮೊಗೆಯಬಹುದು, ತೊಟ್ಟಿ ಒಡೆದಿದ್ದರೆ ನಲ್ಲಿಯ ಸಣ್ಣ ಧಾರೆ ಸಾಲದು. ತಗಡಿನ ಸೂರಿನ ಬಿಸಿಗೆ ಕೆಪಾಸಿಟರಿನ ಒಳಗಿನ ರಸ ಒಣಗುತ್ತಾ ಹೋಗಿ, ಬಿಲ್ಲೆ ಮಾತಾಡಹೊರಟ ಗಳಿಗೆಯಲ್ಲೇ ವೋಲ್ಟೇಜು ಕುಸಿದು ಅದು ಸತ್ತು ಮತ್ತೆ ಹುಟ್ಟುತ್ತದೆ. ಅದಕ್ಕೇ ಕೆಲವೊಮ್ಮೆ ರಿಂಗಾಗಿ ಕಡಿದುಹೋಗುವುದು. ನೆಟ್‌ವರ್ಕ್ ದೀಪ ಬೇಗ ಬೇಗ ಮಿನುಗಿ, ಆರಿ, ಪುನಃ ಶುರುವಾಗುತ್ತಿದ್ದರೆ ಇದೇ ರೋಗವಿರಬಹುದು.

ಔಷಧಿ ಕೆಲವೇ ರೂಪಾಯಿಯದು. ಡಬ್ಬಿಯ ಮೈಮೇಲೆ ೧೦೦೦ ಮೈಕ್ರೋಫ್ಯಾರಡ್, ೧೬ ವೋಲ್ಟ್ ಎಂದಿದೆ ಅನ್ನಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟು ೧೬ ಅಥವಾ ೨೫ ಇರಲಿ, ಕಡಿಮೆ ಬೇಡವೇ ಬೇಡ. ೧೦೫ ಡಿಗ್ರಿ ಎಂದು ಬರೆದದ್ದನ್ನೇ ಕೇಳಿ, ಅದು ಬಿಸಿಗೆ ಹೆಚ್ಚು ಬಾಳುತ್ತದೆ. ಮೈಮೇಲೆ ಪಟ್ಟಿಯಿರುವ ಕಡೆ ಮೈನಸ್ಸು. ತಿರುಗುಮುರುಗಾದರೆ ಸಿಡಿಯುತ್ತದೆ, ಹಳೆಯದನ್ನು ತೆಗೆಯುವ ಮೊದಲೇ ಗುರುತು ಹಾಕಿಕೊಳ್ಳಿ. ಸೋಲ್ಡರ್ ಹಾಕುವ ಅಭ್ಯಾಸ ಇಲ್ಲದವರು ಹಲಗೆಯನ್ನು ಬಿಚ್ಚಿ ಟಿ.ವಿ. ರಿಪೇರಿ ಅಂಗಡಿಗೆ ಒಯ್ಯಿರಿ, ನಾಚಿಕೆಯೇನಿಲ್ಲ. ಬಿಚ್ಚುವ ಮೊದಲು ತಂತಿಗಳ ಒಂದು ಫೋಟೋ ತೆಗೆದಿಡಿ. ವಾರಂಟಿ ಇನ್ನೂ ಇದ್ದರಂತೂ ಮುಚ್ಚಳ ಮುಟ್ಟದೆ ಕೊಂಡ ಅಂಗಡಿಗೇ ಕೊಡಿ. ಕೆಪಾಸಿಟರುಗಳು ಚೆನ್ನಾಗಿ ಕಂಡು, ಹಲಗೆಯಲ್ಲೇ ಕಪ್ಪು ಸುಟ್ಟ ಕಲೆ ಇದ್ದರೆ, ಅದು ಮನೆಯ ಕೆಲಸವಲ್ಲ.

ಪುನಃ ಜೋಡಿಸುವಾಗ ತಂತಿ ಹಾಯುವ ತೂತಿನ ಸುತ್ತ ಸಂದು ಬಿಡದೆ ಮುಚ್ಚಿ, ಇಲ್ಲದಿದ್ದರೆ ಹಲ್ಲಿ ಮತ್ತೆ ಬರುತ್ತದೆ. ಮುಚ್ಚಳದ ತಿರುಪು ಬಿಗಿದ ಮೇಲೆಯೇ ಜೇಬಿನ ಫ್ಯೂಸುಗಳು ತಮ್ಮ ಜಾಗಕ್ಕೆ. ಮೊದಲ ಕರೆಯನ್ನು ಬೇರೆ ಯಾರೂ ಮಾಡುವುದು ಬೇಡ. ಪೆಟ್ಟಿಗೆ ಬಿಚ್ಚಿದವರೇ ಬಾಗಿಲಿನ ಆಚೆ ನಿಂತು ಮಾಡಲಿ.